ಕಾಲು ಮಾತ್ರ

ಗುರುವಾರ, ಮಧ್ಯಾಹ್ನ
ಬಸ್ ಡಿಪೋ, ಟೈರ್ ಗೋದಾಮು

ನನ್ನ ಹಲ್ಲು ಮಾಸ್ತರನಿಗೆ,

ಕುಶಲ ಆಮೇಲೆ ಕೇಳುತ್ತೇನೆ. ಮೊದಲು ಆಡಿದ ಮಾತೇನು, ಆಗಿದ್ದೇನು ಅನ್ನೋದು.

ಈ ವರ್ಷವೂ ಅದೇ ಕಡಲತೀರಕ್ಕೆ ಹೋಗೋಣ ಅಂತ ನೀನು ಮಾತು ಕೊಟ್ಟಿದ್ದೆ. ಹೋಗಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತು, ನನ್ನ ಭುಜಕ್ಕೆ ತಲೆ ಇಟ್ಟು, ಯಾರು ನೋಡಿದರೂ ಎತ್ತುವುದಿಲ್ಲ ಅಂದಿದ್ದೆ. ದೋಣಿ ನಿಲ್ಲಿಸುವ ತುದಿಯಿಂದ ದೀಪಸ್ತಂಭದ ತನಕ, ಹಾಡಹಗಲಲ್ಲಿ, ಕೈ ಹಿಡಿದು ನಡೆಯುತ್ತೇನೆ ಅಂದಿದ್ದೆ. ಅಂಗಡಿಗೆ ಬಂದರೆ ಟೀ ಕುಡಿಸದೆ ಕಳಿಸುವುದಿಲ್ಲ ಅಂದಿದ್ದೆ. ನನಗೆ ಸಿಕ್ಕಿದ್ದು ಒಂದು ಸಾಲು: ಇನ್ನು ಬೇಡ, ನನ್ನನ್ನು ಹುಡುಕಬೇಡ. ಅದರ ಹಿಂದೆಯೇ ಗುಂಪಿನಲ್ಲಿ ನೀನು ಮುಚ್ಚಿದ ಖಾತೆ. ಕೊನೆಗೆ ನಿನ್ನ ಅಂಗಡಿಯಲ್ಲಿ, ನಿನ್ನ ಬಾಯಿಂದಲೇ, ನಾನು ಯಾರೋ ಗಿರಾಕಿ.

ಏನಿದು, ಮ್ಯಾನೇಜರಿಗೆ ಕೊಡುವ ಬೇಡಿಕೆ ಪತ್ರದ ಹಾಗಿದೆ ಅಂತ ನಗಬೇಡ. ಅರ್ಧ ಆಯುಸ್ಸು ಯೂನಿಯನ್ನಿನಲ್ಲಿ ಕಳೆದವನಿಗೆ ಬರುವ ಧಾಟಿ ಇದೊಂದೇ. ಪ್ರೀತಿಯ ಮಾತನ್ನೂ ಮುಷ್ಟಿ ಎತ್ತಿಯೇ ಹೇಳುತ್ತೀಯಲ್ಲೋ ಅಂತ ನೀನೇ ಆಡಿಕೊಂಡಿದ್ದೆ.

ನಮ್ಮ ಗುಂಪಿನ ಕಾನೂನು ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನನ್ನ ಜಗಳ ಇರುವುದೇ ಅದರ ಜೊತೆ. ಗಂಡಸನ್ನು ಪ್ರೀತಿಸುವ ಗಂಡಸರು, ಬಿಸಿಲಿನ ಕಡಲು ಕಂಡರೆ ಹುಚ್ಚು ಹಿಡಿಯುವವರು, ಕಂಪ್ಯೂಟರಿನಲ್ಲಿ ಕಟ್ಟಿಕೊಂಡ ಒಂದು ಜಗಲಿ ಅದು. ಹೋಗಿಬಂದ ತೀರಗಳ ಫೋಟೋ ಹಾಕಬಹುದು. ಆದರೆ ಮುಖ ಬೇಡ. ಹೆಸರು ಬೇಡ. ಕಾಲು ಮಾತ್ರ. ಮರಳಲ್ಲಿ ಹೂತ ಕಾಲು, ಅಲೆ ತಾಗಿದ ಕಾಲು, ತೆಂಗಿನ ನೆರಳಲ್ಲಿ ಚಾಚಿದ ಕಾಲು. ಗುಂಪು ಕಟ್ಟಿದ ಮುದುಕ, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು, ನಾವೆಲ್ಲ ಕ್ಯಾಪ್ಟನ್ ಅನ್ನುವವನು, ಹೊಸಬರಿಗೆ ಹೇಳುತ್ತಿದ್ದದ್ದು ಅದೇ: ಕತ್ತರಿಸಿ ಹಾಕಪ್ಪಾ, ಕುತ್ತಿಗೆಯಿಂದ ಮೇಲೆ ನಾವ್ಯಾರೂ ಇಲ್ಲ.

ನಾವೇ ನಮ್ಮ ತಲೆ ಕಡಿದುಕೊಂಡು, ಇದು ಸುರಕ್ಷತೆ ಅಂತ ಚಪ್ಪಾಳೆ ತಟ್ಟಿದೆವು. ಧಣಿಗಳಿಗೆ ಬೇರೇನು ಬೇಕು ಹೇಳು.

ಆದರೂ ಆ ಜಗಲಿಯಲ್ಲೇ ನೀನು ಸಿಕ್ಕೆ. ಗೇರ್ ಬಾಕ್ಸಿನ ಮಸಿ ಹಿಡಿದ ನನ್ನ ಕಾಲುಗುರಿನ ಫೋಟೋದ ಕೆಳಗೆ ನೀನು ಬರೆದ ಮೊದಲ ಮಾತು, ಈ ಕಾಲಿಗೆ ಬ್ರಷ್ ಹಾಕಿ ಉಜ್ಜುವವರು ಮನೆಯಲ್ಲಿ ಯಾರೂ ಇಲ್ಲವೇ ಅಂತ. ಇದ್ದರೆ ಇಲ್ಲಿ ಯಾಕೆ ಬಿದ್ದಿರುತ್ತಿದ್ದೆ ಅಂತ ನಾನು. ಅಲ್ಲಿಂದ ಶುರುವಾಯಿತು. ನೀನು ಮಾಡುವ ಹಲ್ಲಿನ ಸೆಟ್ಟುಗಳು, ನಾನು ಬಿಚ್ಚುವ ಇಂಜಿನುಗಳು. ನಿನ್ನ ಮಹಡಿಯ ಮೇಲೆ ಹೂ ಬಿಟ್ಟೂ ಕಾಯಿ ಕಚ್ಚದ ಟೊಮೇಟೊ ಗಿಡ. ನಮ್ಮ ಮನೆಯ ಕಿವುಡು ರೇಡಿಯೋ. ಅಂಗಿಯ ಕಾಲರಿಗೆ ಇಸ್ತ್ರಿ ಹಾಕುವುದು ಒಳಗಿನಿಂದಲೋ ಹೊರಗಿನಿಂದಲೋ ಎಂದು ಒಂದು ವಾರ ಕಿತ್ತಾಡಿದೆವಲ್ಲ, ನೆನಪಿದೆಯಾ? ಇಡೀ ಗುಂಪು ಎರಡು ಬಣವಾಗಿತ್ತು. ಮದುವೆಯಾದವರು ಅಡುಗೆಮನೆಯಲ್ಲಿ ಆಡುವ ಜಗಳವನ್ನು ನಾವು ಬೆಳಕಿನ ಚೌಕದಲ್ಲಿ ಬೆರಳಿನಿಂದ ಒತ್ತಿ ಒತ್ತಿ ಆಡಿದೆವು. ನಮಗೆ ಕಾನೂನು ಕೊಟ್ಟ ಅಡುಗೆಮನೆ ಅಷ್ಟೇ ದೊಡ್ಡದು.

ಹೋದ ವರ್ಷ ಕಡೆಗೂ ತೀರದಲ್ಲಿ ಭೇಟಿಯಾದೆವು. ನಿನ್ನ ಮುಖ ಮೊದಲ ಸಲ ನೋಡಿದಾಗ ನಾನು ಎಷ್ಟೋ ಹೊತ್ತು ಮಾತಾಡಲಿಲ್ಲ ಅಂತ ನಿನಗೆ ಬೇಜಾರಾಗಿತ್ತು. ಬಾಯಿ ಒಣಗಿತ್ತು ಕಣೋ, ಅದಕ್ಕೆ. ಡಿಪೋ ಗೇಟಿನ ಮುಂದೆ ಸಾವಿರ ಜನರ ಎದುರು ಒಣಗದ ಬಾಯಿ. ನೀರು ಬೆಚ್ಚಗಿತ್ತು. ನೀನು ಸೊಂಟದ ಮಟ್ಟಕ್ಕಿಂತ ಮುಂದೆ ಬರಲು ಹೆದರಿ ನನ್ನ ಬನಿಯನ್ನಿನ ಹಿಂಬದಿ ಹಿಡಿದುಕೊಂಡು ನಿಂತಿದ್ದೆ. ಅಲೆ ಬಂದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು. ಅಲೆ ನಿಲ್ಲದಿರಲಿ ಅಂತ ನಾನು ನಿಂತಿದ್ದೆ. ಸಂಜೆ ರೂಮಿನಲ್ಲಿ ಫ್ಯಾನಿನ ಕೆಳಗೆ ಮಲಗಿ, ನಿನ್ನ ಮೈಮೇಲಿನ ಉಪ್ಪು ಒಣಗಿ ಬಿಳಿ ಗೆರೆಯಾಗಿದ್ದನ್ನು ನಾನು ಬೆರಳಲ್ಲಿ ಅಳಿಸುತ್ತಿದ್ದರೆ, ಈ ರೂಮು ಹೀಗೇ ನಮ್ಮ ಊರಲ್ಲಿ ಇದ್ದಿದ್ದರೆ ಅಂತ ಅಂದೆ ನೀನು. ಇಡೀ ಭೂಮಿಯ ಮೇಲೆ ನಮಗೆ ಬೇಕಾದದ್ದು ಹತ್ತಡಿ ಹನ್ನೆರಡಡಿ ಜಾಗ. ಅದನ್ನು ಕೊಡದವರು ನಮ್ಮನ್ನೇ ದುರಾಸೆಯವರು ಅನ್ನುತ್ತಾರೆ.

ಕೊನೆಯ ದಿನ ನಮ್ಮ ನಾಲ್ಕು ಕಾಲುಗಳ ಫೋಟೋ ತೆಗೆದು ಗುಂಪಿಗೆ ಹಾಕಿದವನು ನೀನು. ಕಾನೂನಿನ ಪ್ರಕಾರವೇ ಹಾಕಿದೆ. ಕ್ಯಾಪ್ಟನ್ ಅದನ್ನು ತೀರಗಳ ಬಗ್ಗೆ ಎಲ್ಲರೂ ನೋಡುವ ಪುಟಕ್ಕೂ ಏರಿಸಿದ. ಮುಖವಿಲ್ಲವಲ್ಲ, ಭಯವೇನು? ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೊಂದು ದಿನ ನಿನ್ನ ಅಕ್ಕ, ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಅಗ್ಗದ ರೂಮು ಹುಡುಕುತ್ತ ಆ ಪುಟಕ್ಕೆ ಬಂದಳು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಆ ಎಡಗಾಲನ್ನು ಕಂಡಳು. ಎಲ್ಲರೂ ಓದುವ ಹಾಗೆ ಬರೆದಳು: ಅಯ್ಯೋ, ಇದು ನಮ್ಮ ತಮ್ಮನ ಕಾಲು!

ನಮ್ಮ ಬುದ್ಧಿವಂತಿಕೆ ಅಷ್ಟೇ ಇತ್ತು. ಮನುಷ್ಯ ಅಂದರೆ ಮುಖ ಅಂತ ನಂಬಿದ್ದೆವು. ಚಿಕ್ಕಂದಿನಲ್ಲಿ ನಿನಗೆ ಸಾಕ್ಸ್ ತೊಡಿಸಿದವಳಿಗೆ ನಿನ್ನ ಮುಖ ಯಾಕೆ ಬೇಕು?

ಅವಳು ಬರೆದದ್ದು ಅಷ್ಟೇ, ಜೊತೆಗೊಂದು ನಗು. ಪಕ್ಕದ ಕಾಲು ಯಾರದು ಅಂತಲೂ ಕೇಳಿರಲಿಲ್ಲ. ನೀನು ಮಾತ್ರ ಮನೆಗೆ ಬೆಂಕಿ ಬಿದ್ದವನ ಹಾಗೆ ಗುಂಪನ್ನೂ ನನ್ನನ್ನೂ ಬಿಟ್ಟು ಓಡಿದೆ.

ಉತ್ತರ ಬರಲಿಲ್ಲವೆಂದು ನಾನು ನಿನ್ನ ಅಂಗಡಿಗೇ ಬಂದೆ. ಬರಬಾರದಿತ್ತು ಅಂತ ನಾನು ಒಪ್ಪುವುದಿಲ್ಲ. ನೀನು ಮೇಜಿನ ಮುಂದೆ ಕೂತು ಯಾರದೋ ಮೇಲ್ದವಡೆಯನ್ನು ಉಜ್ಜುತ್ತಿದ್ದೆ. ತಲೆ ಎತ್ತಿ ನನ್ನನ್ನು ಕಂಡಾಗ ನಿನ್ನ ಮುಖದಲ್ಲಿ ಮೊದಲು ಬಂದದ್ದು ಏನು ಅಂತ ನಾನು ನೋಡಿದ್ದೇನೆ. ಭಯ ಎರಡನೆಯದಾಗಿ ಬಂತು. ಮೊದಲು ಬಂದದ್ದನ್ನೇ ಹಿಡಿದುಕೊಂಡು ಇಷ್ಟು ದಿನ ಉಸಿರಾಡುತ್ತಿದ್ದೇನೆ.

ಅಷ್ಟರಲ್ಲಿ ನಿನ್ನ ಡಾಕ್ಟರ್ ಯಜಮಾನ ಒಳಗಿನಿಂದ ಬಂದು, ಯಾರಯ್ಯಾ ಇವರು ಅಂದ. ನೀನು, ಗಿರಾಕಿ ಸಾರ್, ದವಡೆ ಹಲ್ಲು ಕಟ್ಟಿಸಬೇಕಂತೆ ಅಂದೆ. ಆತ, ಹಾಗಾದರೆ ನಿಲ್ಲಿಸಿಕೊಂಡು ಏನು ನೋಡ್ತೀಯಾ, ಅಳತೆ ತಗೋ ಅಂದ. ಕುರ್ಚಿಯಲ್ಲಿ ಕೂರಿಸಿದೆ. ಕುತ್ತಿಗೆಗೆ ಬಟ್ಟೆ ಕಟ್ಟಿದೆ. ಗುಲಾಬಿ ಬಣ್ಣದ ಹಿಟ್ಟು ಕಲಸಿ, ಅಳತೆ ತೆಗೆಯುವ ಆ ಲಾಳದಾಕಾರದ ತಗಡಿಗೆ ತುಂಬಿ, ನನ್ನ ಬಾಯೊಳಗೆ ಒತ್ತಿ ಹಿಡಿದೆ. ಅಲ್ಲಾಡಬೇಡಿ ಅಂದೆ. ಅಲ್ಲಾಡಬೇಡಿ! ನನಗೆ ಬಹುವಚನ!

ಜೀವಮಾನವಿಡೀ ಘೋಷಣೆ ಕೂಗಿದ ಬಾಯಿ ಇದು. ಪೊಲೀಸರ ಲಾಠಿಗೆ ಮುಚ್ಚದ್ದು. ಅದರ ತುಂಬ ತಣ್ಣನೆಯ ಹಿಟ್ಟು, ಅದರ ಮೇಲೆ ನಿನ್ನ ಎರಡು ಬೆರಳು. ನಿನ್ನ ಮಣಿಕಟ್ಟು ನನ್ನ ಗಲ್ಲಕ್ಕೆ ತಾಗಿತ್ತು. ನಿನ್ನ ಯಜಮಾನ ಪಕ್ಕದಲ್ಲಿ ನಿಂತು, ಒಳ್ಳೇ ಗಟ್ಟಿ ಹಲ್ಲು ಇದಾವಲ್ರೀ, ಇನ್ನೂ ಯಾಕೆ ಕಟ್ಟಿಸ್ತೀರಾ ಅಂತ ಕೇಳುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ಹಿಟ್ಟು ಗಂಟಲಿಗೆ ಇಳಿದರೆ ಎಲ್ಲರಿಗೂ ಹಾಗೇ ಆಗುತ್ತೆ, ಮೂಗಲ್ಲಿ ಉಸಿರಾಡಿ ಅಂದ ಆತ. ನೀನು ಕರವಸ್ತ್ರ ತೆಗೆದು ಒರೆಸಿದೆ. ಅಂಗಡಿಯದಲ್ಲ, ನಿನ್ನ ಜೇಬಿನದು. ನಿನಗೆ ಅದು ಗೊತ್ತಿತ್ತೋ ಇಲ್ಲವೋ.

ಒಂದು ಮಾತು ಹೇಳಿಬಿಡುತ್ತೇನೆ, ಬೈದುಕೋ. ಆ ಹಿಟ್ಟು ಬೇಗ ಗಟ್ಟಿಯಾಗದಿರಲಿ ಅಂತ ನಾನು ಆಸೆಪಟ್ಟೆ. ಅಷ್ಟು ತಿಂಗಳ ನಂತರ ನಿನ್ನ ಕೈ ನನ್ನ ಮುಖದ ಮೇಲಿತ್ತು. ಅವಮಾನವೂ ಅದೇ ಕೈಯಿಂದ, ಹಬ್ಬವೂ ಅದೇ ಕೈಯಿಂದ. ನಾಯಿ ಬಾಳು ಅನ್ನುವುದು ಇದಕ್ಕೇ ಇರಬೇಕು. ಹೊರಗೆ ಬಂದು ನಲ್ಲಿಯ ಕೆಳಗೆ ಬಾಯಿ ತೊಳೆಯಲು ಹೋಗಿ, ತೊಳೆಯದೆ ಬಸ್ ಹತ್ತಿದೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳು. ಆದರೆ ದೊಡ್ಡ ಸಿಟ್ಟು ಬೇರೆ ಕಡೆಗಿದೆ. ನಿನ್ನ ಬಾಯಲ್ಲಿ ಗಿರಾಕಿ ಅನ್ನುವ ಮಾತನ್ನು ಇಟ್ಟವರು ಯಾರು? ಕೆಲಸ ಹೋಗುತ್ತೆ, ಬಾಡಿಗೆ ಮನೆ ಹೋಗುತ್ತೆ, ಮರ್ಯಾದೆ ಹೋಗುತ್ತೆ ಅಂತ ಹುಟ್ಟಿದಾಗಿನಿಂದ ಕಿವಿಯಲ್ಲಿ ಊದಿದವರು ಯಾರು? ಈ ಮರ್ಯಾದೆ ಅನ್ನುವುದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ನಾನು, ಅದೇನು ಹಿತ್ತಾಳೆಯೋ ತಗಡೋ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಟೀ ಕುಡೀತೀಯಾ ಅಂತ ಕೇಳಿದರೆ ಒಡೆದುಹೋಗುವ ಮರ್ಯಾದೆ ಎಂಥ ಮಡಕೆಯದು? ನಾವು ಯಾರ ಅನ್ನವನ್ನೂ ಕದ್ದಿಲ್ಲ, ಯಾರ ತಲೆಯನ್ನೂ ಒಡೆದಿಲ್ಲ. ನೀನು ಬೊಚ್ಚು ಬಾಯಿಗಳಿಗೆ ನಗು ಕೂರಿಸುತ್ತೀಯ. ನಾನು ನಿಂತ ಬಸ್ಸು ಓಡಿಸುತ್ತೇನೆ. ಆ ಬಸ್ಸಲ್ಲಿ ಹೋಗುವವರು, ಆ ಹಲ್ಲಲ್ಲಿ ಅಗಿಯುವವರು ನಮಗೆ ಬದುಕುವುದನ್ನು ಕಲಿಸಲು ಬರುತ್ತಾರೆ.

ಸಾಕು. ಭಾಷಣ ಶುರುವಾದರೆ ನಿಲ್ಲಿಸಲು ಯಾರಾದರೂ ಚೀಟಿ ಕಳಿಸಬೇಕು ನನಗೆ. ಆ ಕೆಲಸ ನೀನು ಮಾಡುತ್ತಿದ್ದೆ.

ಈಗ ನಿಜವಾದ ಸುದ್ದಿ. ಮೊನ್ನೆ ನಿನ್ನ ಅಕ್ಕ ನಮ್ಮ ಡಿಪೋಗೆ ಬಂದಿದ್ದಳು. ಹೌದು, ಅಕ್ಕನೇ. ಆ ಪುಟದಲ್ಲಿ ಕ್ಯಾಪ್ಟನ್ನನ್ನು ಹಿಡಿದು ಕಾಡಿದಳು, ಆತ ನನ್ನ ಒಪ್ಪಿಗೆ ಕೇಳಿ ನನ್ನ ನಂಬರು ಕೊಟ್ಟ. ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಹತ್ತಿರ ಹೋದರೆ ನಮಸ್ಕಾರ ಇಲ್ಲ, ಏನಿಲ್ಲ, ಬೂಟು ಬಿಚ್ಚಿ ಅಂದಳು. ನಾನು ದಂಗು. ಬಿಚ್ಚೀಪ್ಪಾ, ಯಾರ್ಯಾರ ಹತ್ರಾನೋ ಮಾತಾಡಕ್ಕೆ ನಾನು ಬಂದಿಲ್ಲ ಅಂದಳು. ಬಿಚ್ಚಿದೆ. ಫೋಟೋದಲ್ಲೂ ಕಾಣುವ, ಬಸ್ಸಿನ ಹೊಗೆ ಕೊಳವೆ ಸುಟ್ಟ ಗಾಯದ ಕಲೆಯನ್ನು ನೋಡಿ, ಹ್ಞೂ, ಇದೇ ಕಾಲು ಅಂತ ಹೇಳಿ, ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು.

ಅವಳು ಹೇಳಿದ್ದನ್ನು ನಾನು ತಿದ್ದದೆ ಬರೆಯುತ್ತೇನೆ. ನಾನು ಕಂಡಿದ್ದು ಬರೀ ಕಾಲು, ಅವನು ಆ ಗುಂಪು ಬಿಟ್ಟು ಓಡಿದ ಮೇಲೆ ತಾನೇ ಮಿಕ್ಕಿದ್ದೆಲ್ಲ ನನಗೆ ಗೊತ್ತಾಗಿದ್ದು, ಆ ಪೆದ್ದನಿಗೆ ಹೇಳಿ. ಒಂದೇ ಮನೇಲಿದ್ದು ತಟ್ಟೆ ಹಿಡ್ಕೊಂಡು ರೂಮಿಗೆ ಹೋಗ್ತಾನೆ. ಮಾತಾಡ್ಸಿದ್ರೆ ಹಲ್ಲು ನೋವು ಅಂತಾನೆ, ಹಲ್ಲಿನ ಅಂಗಡಿಯವನಿಗೆ ಹಲ್ಲು ನೋವಂತೆ! ನನಗೆ ಇದೆಲ್ಲ ಪೂರ್ತಿ ಅರ್ಥ ಆಗಿದೆ ಅಂತ ಹೇಳಲ್ಲ. ಅತ್ತಿದ್ದೀನಿ. ನಿಮ್ಮ ಮೇಲೆ ಸಿಟ್ಟೂ ಬಂದಿದೆ, ಈಗಲೂ ಇದೆ. ಆದ್ರೆ ಬದುಕಿರೋ ತಮ್ಮ ಮನೇಲಿ ಇಲ್ಲದವನ ಹಾಗೆ ಓಡಾಡೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ.

ಹಾಗಂದು, ಅವನು ಅಲ್ಲಿ, ಆ ಕಡಲ ಹತ್ತಿರ, ನಗ್ತಿದ್ನಾ ಅಂತ ಕೇಳಿದಳು. ನಗುತ್ತಿದ್ದ ಅಂದೆ. ಹೇಗೆ ಅಂದಳು. ಹೊಟ್ಟೆ ಹಿಡಿದುಕೊಂಡು, ಮೊದಲು ಸದ್ದಿಲ್ಲದೆ, ಆಮೇಲೆ ಬಿಕ್ಕಳಿಕೆ ಬರುವ ತನಕ ಅಂದೆ. ಚಿಕ್ಕವನಿದ್ದಾಗ ಹಾಗೇ ನಗ್ತಿದ್ದ ಅಂತ ಹೇಳಿ ಎದ್ದು ನಿಂತಳು. ನಾಳೆ ಮತ್ತೆ ಬರುತ್ತಾಳೆ, ಈ ಪತ್ರವನ್ನು ಅವಳ ಕೈಲೇ ಕೊಡುತ್ತೇನೆ. ಅಂಟಿಸಿಲ್ಲ. ಅವಳು ಓದಲಿ, ಓದದಿರಲಿ.

ನನ್ನ ಕೋರಿಕೆ ದೊಡ್ಡದೇನಲ್ಲ. ನನಗೆ ಕಡಲು ಬೇಡವಾಗಿದೆ ಅಂತ ಸುಳ್ಳು ಹೇಳಲಾರೆ. ದಿನಾ ಸಂಜೆ ಬಸ್ ತೊಳೆಯುವ ನೀರು ಇಳಿಜಾರಿನಲ್ಲಿ ಹರಿದು ಬರುವಾಗ ಕಾಲು ಹಿಂದೆ ತೆಗೆಯದೆ ನಿಲ್ಲುತ್ತೇನೆ, ಜೊತೆಯ ಮೆಕ್ಯಾನಿಕ್ಕುಗಳು ತಲೆ ಕೆಟ್ಟಿದೆ ಅನ್ನುತ್ತಾರೆ. ಆದರೆ ಕೈ ಹಿಡಿದು ನಡೆಯುವ ಮಾತನ್ನು ಬೇಕಾದರೆ ವಾಪಸ್ ಕೊಡುತ್ತೇನೆ. ದೀಪಸ್ತಂಭ ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ಸೀಟಿಗೆ ಬಾ, ಸಾಕು. ತಲೆ ಇಡಬೇಡ. ಕಿಟಕಿಯ ಕಡೆಯೇ ನೋಡುತ್ತ ಕೂರು. ಯಾರಾದರೂ ಇವರು ಯಾರು ಅಂತ ಕೇಳಿದರೆ ಮಾತ್ರ ಗಿರಾಕಿ ಅನ್ನಬೇಡ. ಬೇರೇನೂ ಹೇಳಲಾಗದಿದ್ದರೆ ಸುಮ್ಮನಿರು. ನಿನ್ನ ಮೌನದ ಜೊತೆ ನಾನು ಬಾಳಬಲ್ಲೆ, ಆ ಮಾತಿನ ಜೊತೆ ಆಗುವುದಿಲ್ಲ.

ಈಗ ಕುಶಲ. ಚೆನ್ನಾಗಿದ್ದೀಯಾ? ಟೊಮೇಟೊ ಕಾಯಿ ಕಚ್ಚಿತಾ?

ಇಂತಿ,
ನಿನ್ನ, ಬೇರೆ ಯಾರದೂ ಅಲ್ಲದ,
ಗ್ರೀಸು

ತಾ.ಕ.: ನಿನ್ನನ್ನು ಇಷ್ಟೆಲ್ಲ ಜರೆದೆನಲ್ಲ, ನಾನು ಇಲ್ಲಿ ಯಾರಿಗೂ ನಿನ್ನೆಯ ತನಕ ಒಂದಕ್ಷರ ಬಾಯಿಬಿಟ್ಟಿರಲಿಲ್ಲ. ನಿನ್ನೆ ಟೀ ಹೊತ್ತಿನಲ್ಲಿ ಕಡಲಿಗೆ ಹೋಗಲು ರಜೆ ಕೇಳಿದೆ. ಫೋರ್‌ಮನ್ ತಮಾಷೆಗೆ, ಯಾವಳಪ್ಪಾ ಅವಳು ಅಂದ. ಅವಳಲ್ಲ, ಅವನು ಅಂದೆ. ದೊಡ್ಡ ದನಿಯಲ್ಲಿ ಹೇಳಬೇಕೆಂದಿದ್ದೆ, ಪಿಸುಮಾತೇ ಬಂತು. ಎಲ್ಲರಿಗೂ ಕೇಳಿಸಿತು. ಒಬ್ಬ ತನ್ನ ಲೋಟ ಎತ್ತಿಕೊಂಡು ಆಚೆ ಹೋಗಿ ನಿಂತ. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಉಂಡವನು. ಫೋರ್‌ಮನ್ ಬಹಳ ಹೊತ್ತು ಸ್ಪ್ಯಾನರ್ ಒರೆಸಿ, ಮುಂದಿನ ಬುಧವಾರಕ್ಕೆ ಬಂದುಬಿಡು, ಎರಡು ಇಂಜಿನ್ ಇಳಿಸೋದಿದೆ ಅಂದ. ಇವತ್ತು ನನ್ನ ಜೊತೆ ಉಣ್ಣಲು ಯಾರೂ ಬರಲಿಲ್ಲ, ಅದಕ್ಕೇ ಟೈರುಗಳ ನಡುವೆ ಕೂತು ಇದನ್ನು ಬರೆದು ಮುಗಿಸಲಾಯಿತು. ನಾನು ಇವರಿಗೆಲ್ಲ ಹೇಳಿದೆ ಅಂತ ನೀನು ಬರಬೇಕಾಗಿಲ್ಲ. ನೀನು ಬರದಿದ್ದರೂ ಆಡಿದ್ದನ್ನು ಹಿಂದೆ ತಗೊಳ್ಳುವುದಿಲ್ಲ. ಕಡಲಿನ ಕಡೆಗೆ ಹೋಗುವ ಮೊದಲ ಬಸ್ಸು, ಊರ ಬಸ್ ನಿಲ್ದಾಣದಿಂದ, ಭಾನುವಾರ ಬೆಳಿಗ್ಗೆ ಆರೂವರೆಗೆ.