ಲೋಟದ ಕೆಳಗಿನ ಚೀಟಿ

ಮಾರ್ಚ್ ೧೪, ಗುರುವಾರ

ತಂಗಿ ಫೋನಿನಲ್ಲೇ ಎರಡು ತಾಸಿನಲ್ಲಿ ಮಂತ್ರವಿದ್ಯೆ ಕಲಿತಳಂತೆ. ಉಸಿರಿನ ಅಭ್ಯಾಸ ಬೇಡ, ಮೌನ ಬೇಡ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ನೀರಿನ ಲೋಟದ ಕೆಳಗಿಟ್ಟರೆ ಸಾಕಂತೆ. ಅಂಗೈಯಲ್ಲಿ ಆಕಾಶ ತೋರಿಸುವವರಿಗೇನು ಬರವೇ?

"ಇಸ್ತ್ರಿ ಪೆಟ್ಟಿಗೆ ಕಾಯದೆ ಸುಕ್ಕು ಹೋಗುತ್ತೇನೇ?" ಅಂದೆ. ದಿನವಿಡೀ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳಿಗೆ ಅಷ್ಟು ಗೊತ್ತು. ಇದೇ ವಿದ್ಯೆಗಾಗಿ ಒಂಬತ್ತು ವರ್ಷದಿಂದ ನಸುಕಿನಲ್ಲೆದ್ದು ದೀಪ ದಿಟ್ಟಿಸುತ್ತಿದ್ದೇನೆ.

ಅಮ್ಮನಿಗೆ ವಾರದಿಂದ ನಿದ್ದೆಯಿಲ್ಲ. ಇವಳು "ಅಮ್ಮ ಮಲಗಲಿ" ಎಂದು ಗೀಚಿ ಲೋಟ ಇಟ್ಟಳು. ಅಮ್ಮ ಈಗ ಗೊರಕೆ ಹೊಡೆಯುತ್ತಿದ್ದಾಳೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ.

"ನೀನು ಅಮ್ಮನಿಗೋಸ್ಕರ ಯಾವತ್ತಾದ್ರೂ ಮಂತ್ರ ಮಾಡಿದ್ದೀಯಾ ಅಕ್ಕ?" ಎಂದು ಕೇಳಿದಳು.

"ನನ್ನ ತಯಾರಿ ಇನ್ನೂ ಮುಗಿದಿಲ್ಲ" ಅಂದೆ.

ನಕ್ಕಳು, ಬುದ್ಧಿಗೇಡಿ. ಒಂಬತ್ತು ವರ್ಷದಿಂದ ಕೆಂಪಗೆ ಕಾದಿರುವ ಪೆಟ್ಟಿಗೆ ನನ್ನದು. ಇನ್ನೂ ಒಂದು ಬಟ್ಟೆಯನ್ನೂ ಮುಟ್ಟಿಲ್ಲ.