ಮೊದಲ ಗುಂಡಿನ ಕುಂಕುಮ

ನವೆಂಬರ್ 4, ಸೋಮವಾರ. ಬೆಳಗ್ಗೆ 9

ಕಾರ್ತಿಕದ ಮೊದಲ ಸೋಮವಾರ. ಉಪವಾಸ. ಸಂಜೆ ದೀಪ ಹಚ್ಚುವವರೆಗೆ ಹಾಲು, ಬಾಳೆಹಣ್ಣು ಅಷ್ಟೇ. ಐದಕ್ಕೆ ಎದ್ದೆ. ಕೊಟ್ಟಿಗೆ ಬಳಿದಾಯ್ತು, ಹಾಲು ಡೇರಿಗೆ ಹೋಯ್ತು, ಅತ್ತೆಗೆ ಬಿಸಿನೀರಲ್ಲಿ ಮೈ ಒರೆಸಿದ್ದಾಯ್ತು. ಸೊಂಟ ಮುರಿದಾಗಿನಿಂದ ಮಂಚ ಬಿಟ್ಟಿಲ್ಲ ಅತ್ತೆ. ಆದರೂ ಬೆಳಗಾದರೆ ನಗುತ್ತಾರೆ. ಅದೇ ದೊಡ್ಡದು, ಚೌಡಮ್ಮ ತಾಯಿ.

ಡೀಸಿ ಕಚೇರಿಯಿಂದ ಕಾಗದ ಬಂದಿದೆ. ಯಜಮಾನರು ಹೋದ ಮೇಲೆ ಅವರ ರಿವಾಲ್ವರ್ ಲೈಸೆನ್ಸ್ ನನ್ನ ಹೆಸರಿಗಾಗಿತ್ತಲ್ಲ, ಡಿಸೆಂಬರಿಗೆ ಮುಗಿಯುತ್ತದೆ. ಇನ್ನೂ ಬೇಕೇ, ಯಾಕೆ ಬೇಕು, ಬರೆದು ತಿಳಿಸಬೇಕಂತೆ.

ಬೇಕು. ಜವನಗೊಂಡನಹಳ್ಳಿ ಇಲ್ಲಿಂದ ಎರಡು ಮೈಲಿ. ಸುತ್ತ ತೆಂಗು ಬಿಟ್ಟರೆ ಯಾರಿದ್ದಾರೆ. ಆಷಾಢದಲ್ಲಿ ಪಕ್ಕದ ತೋಟದ ಉಷಾಳ ಕಿವಿ ಹರಿದು ಓಲೆ ಕಿತ್ತುಕೊಂಡು ಹೋದರು, ಹಾಡುಹಗಲು. ಮಗಳು ಹೇಮಾ ಪಂಚಾಯ್ತಿ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಕಳ್ಳ ಬಂದರೆ ನಾನು ಓಡಬಹುದು. ಅತ್ತೆಯನ್ನು ಹೊತ್ತು ಓಡಲಾರೆ.

ಮೈದುನ ದುರುಗೇಶ್ ಹಿರಿಯೂರಿನಿಂದ ಫೋನ್ ಮಾಡಿದ್ದ. "ಅತ್ತಿಗೆ, ಅಣ್ಣನ ಗುಂಡು ಹತ್ತು ವರ್ಷದವು. ಹೊಸವು ತರಾಣ. ಬುಧವಾರ ದುರ್ಗಕ್ಕೆ ಹೋಗಾಣ, ರೆಡಿ ಇರ್ರಿ."

ನವೆಂಬರ್ 6, ಬುಧವಾರ. ಸಂಜೆ

ದುರ್ಗಕ್ಕೆ ಹೋಗಿ ಬಂದೆವು. ಉಸ್ಮಾನ್ ಸಾಬರ ಬಂದೂಕಿನ ಅಂಗಡಿ. ಯಜಮಾನರು ಹೋಗುತ್ತಿದ್ದುದೂ ಅಲ್ಲಿಗೇ. ಕುರ್ಚಿ ಒರೆಸಿ ಕೊಟ್ಟರು. ಚಹಾ ತರಿಸಿದರು. ಯಜಮಾನರನ್ನು ನೆನೆದು ಕಣ್ಣು ಒರೆಸಿಕೊಂಡರು.

ದುರುಗೇಶ್ ಕೂರುವ ಮೊದಲೇ ಶುರು. "ಸಾಬ್ರೆ, ಇರೋದ್ರಲ್ಲಿ ಜೋರಾಗಿರೋದು ಕೊಡ್ರಿ. ಒಂದೇ ಏಟಿಗೆ ಉರುಳ್ಬೇಕು. ಮೊಬೈಲ್‌ನಾಗೆ ನೋಡೀನಿ, ತುದಿ ಟೊಳ್ಳು ಇರ್ತೈತಲ್ಲ, ಒಳಗೆ ಹೋಗಿ ಅರಳ್ತೈತೆ, ಅಂಥದ್ದು."

"ಅದು ನಮ್ಮ ಲೈಸೆನ್ಸಿಗೆ ಬರಂಗಿಲ್ಲ. ಬಂದ್ರೂ ನಾ ಕೊಡಲ್ಲ" ಅಂದರು ಸಾಬರು. ರಿವಾಲ್ವರ್ ಖಾಲಿ ಮಾಡಿ ಅಂಗೈ ಮೇಲಿಟ್ಟು ತೋರಿಸಿದರು. ನಳಿಗೆ ನನ್ನ ತೋರುಬೆರಳಿನಷ್ಟೂ ಇಲ್ಲ. "ಇದು ಮೋಟು ನಳಿಗೆ ಅಮ್ಮಾರೆ. ಗುಂಡಿಗೆ ಇದ್ರಾಗೆ ಓಡೋಕೆ ಜಾಗ ಎಲ್ಲೈತೆ? ಜೋರು ಮದ್ದು ಹಾಕಿದ್ರೆ ಅರ್ಧ ಬಾಯಿ ಆಚೆಗೆ ಬಂದು ಉರೀತೈತೆ. ಬೆಂಕಿ ಜಾಸ್ತಿ, ಸದ್ದು ಜಾಸ್ತಿ, ನಿಮ್ಮ ಮಣಿಕಟ್ಟಿಗೆ ಒದೆ ಜಾಸ್ತಿ. ಏಟು ಮಾತ್ರ ಅಷ್ಟೇ. ತುದಿ ಅರಳೋದೂ ಅಷ್ಟೇ, ಅದಕ್ಕೆ ವೇಗ ಬೇಕು."

ನನ್ನ ಬಲ ಮಣಿಕಟ್ಟು ಬಾವಿಕಟ್ಟೆಯಲ್ಲಿ ಜಾರಿ ಮುರಿದದ್ದು. ಕೊಡ ಎತ್ತಿದರೆ ಈಗಲೂ ನೋಯುತ್ತದೆ. ಅದನ್ನೂ ಕೇಳಿ ತಿಳಿದುಕೊಂಡರು. ಮೆತ್ತಗಿನ ಮದ್ದಿನ, ಮೂತಿ ದುಂಡಗಿರುವ ಸೀಸದ ಗುಂಡುಗಳ ಡಬ್ಬಿ ತೆಗೆದಿಟ್ಟರು. ಕೈ ತಾಳಿಕೊಳ್ಳುವಂಥದ್ದೇ ಒಳ್ಳೆಯ ಗುಂಡಂತೆ. ಎರಡನೇದನ್ನೂ ಗುರಿಗೆ ಹಾಕಲು ಬರಬೇಕಂತೆ.

"ಇದು ಕಳ್ಳನ ಕೆನ್ನೆ ಸವರಾಕ ಸಾಬ್ರೆ?" ದುರುಗೇಶ್.

"ನಿನ್ನ ಕೈಗೆ ತಗೊಳ್ಳೋದಾದ್ರೆ ಫಿರಂಗಿ ಕೊಡ್ತೀನಿ ಕಣಪ್ಪ. ಇದು ಅಮ್ಮಾರ ಕೈಗೆ."

ನಗು ತಡೆಯಲಾಗಲಿಲ್ಲ. ಮೆತ್ತಗಿನದನ್ನೇ ತೆಗೆದುಕೊಂಡೆ. ಲೈಸೆನ್ಸಿನಲ್ಲಿ ಬರೆದು ಸೀಲು ಹೊಡೆದರು. ಹಳೆಯವನ್ನು ಇವತ್ತೇ ತೆಗೆದುಬಿಡಿ ಅಂದರು. ಬಾಗಿಲವರೆಗೆ ಬಂದು ಮೂರು ಬೆರಳು ಮಡಚಿ ತೋರಿಸಿದರು: "ಮೊದಲು ಬೆಳಕು. ಆಮೇಲೆ ಯಾರು ಅಂತ ಕೂಗಬೇಕು. ಟ್ರಿಗರ್ ಮೇಲೆ ಬೆರಳು ಕಡೇಗೆ. ಮರೀಬ್ಯಾಡ್ರಿ."

ಒಳ್ಳೆಯ ಮನುಷ್ಯ. ಅವರಿಗೆ ದೇವರು ಆಯಸ್ಸು ಕೊಡಲಿ.

ನವೆಂಬರ್ 7, ಗುರುವಾರ

ಹೊಸ ಡಬ್ಬಿ ಚೌಡಮ್ಮನ ಪಟದ ಮುಂದಿಟ್ಟೆ. ಪೂಜೆ ಆಗದೆ ಹೊಸದನ್ನು ಬಳಸಿದ ಮನೆಯಲ್ಲ ಇದು. ಯಜಮಾನರು ಹೊಸ ಪಂಪ್‌ಸೆಟ್ಟನ್ನೂ ಪೂಜೆಗೆ ಮುಂಚೆ ಚಾಲೂ ಮಾಡಿದವರಲ್ಲ. ಬುಧವಾರ ತುಳಸಿ ಹಬ್ಬ. ಅವತ್ತೇ ಇದಕ್ಕೂ ಆಗಲಿ. ಅಲ್ಲಿಯವರೆಗೆ ಹಳೆಯ ಆರೇ ಒಳಗಿರಲಿ. ಆರು ದಿನಕ್ಕೆ ಏನಾಗುತ್ತದೆ? ಅವೂ ಪ್ರತಿ ಆಯುಧಪೂಜೆಗೆ ಅಮ್ಮನ ಪಾದದಲ್ಲಿ ಕೂತು ಎದ್ದವು. ನಾನೇ ಒಂದೊಂದರ ಬೆನ್ನಿಗೂ ದೀಪದೆಣ್ಣೆ ಸವರಿ, ಕುಂಕುಮ ಇಟ್ಟು, ಮತ್ತೆ ತುಂಬಿಸುವುದು. ಮೊದಲು ಸಿಡಿಯುವ ಗುಂಡಿಗೆ ಮಾತ್ರ ಯಜಮಾನರ ಹೆಸರಲ್ಲಿ ಬೊಟ್ಟು ದೊಡ್ಡದು.

ಇವತ್ತು ಅತ್ತೆ ಎರಡು ತುತ್ತು ಹೆಚ್ಚು ಉಂಡರು. ಸಂತೋಷ.

ನವೆಂಬರ್ 11, ಸೋಮವಾರ

ಉಪವಾಸ. ನಾಳೆ ಏಕಾದಶಿ, ನಾಳೆಯೂ ಉಪವಾಸ. ಹೇಮಾ ಬೈದಳು, "ಎರಡು ದಿನ ಒಟ್ಟಿಗೆ ಬ್ಯಾಡ ಅವ್ವ, ತಲೆ ಸುತ್ತಿ ಬೀಳ್ತೀಯ." ಬಿದ್ದರೆ ಎತ್ತಲು ನೀನಿದ್ದೀಯಲ್ಲ ಅಂದೆ.

ಹಬ್ಬಕ್ಕೆ ಕಬ್ಬು, ನೆಲ್ಲಿಕೊಂಬೆ ಇನ್ನೂ ಆಗಿಲ್ಲ.

ನವೆಂಬರ್ 14, ಗುರುವಾರ. ಮಧ್ಯಾಹ್ನ

ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಈಗ ಬರೆದುಬಿಡುತ್ತೇನೆ.

ಏಕಾದಶಿ ಸಂಜೆ. ಆರೂಮುಕ್ಕಾಲು. ಕರೆಂಟು ಹೋಯಿತು. ಹೇಮಾ ಬಂದಿರಲಿಲ್ಲ. ಗೇಟಿಗೆ ಬೀಗ ಹಾಕಿದ್ದೆ. ಕೊಟ್ಟಿಗೆಯ ಹಿಂದೆ ಬೇಲಿ ಮುರಿದ ಸದ್ದು. ಹಸು ಬೆದರಿ ಎದ್ದವು. ಹಿತ್ತಿಲ ಬಾಗಿಲ ಸಂದಿಯಲ್ಲಿ ನೋಡಿದೆ. ಗಂಡಸು. ಮುಖಕ್ಕೆ ಟವಲು. ಕೈಯಲ್ಲಿ ಆಳುದ್ದದ್ದು ಏನೋ. ನೇರ ಬಾಗಿಲಿಗೇ ಬರುತ್ತಿದ್ದಾನೆ. ಒಳಗೆ ಅತ್ತೆ "ಯಾರೇ ಅದು" ಅಂದರು.

ಅತ್ತೆ ಕೇಳಿದರು. ನಾನು ಕೇಳಲಿಲ್ಲ.

ಬಾಗಿಲು ತಳ್ಳಿ, ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು, ಎದೆಗೆ ನೇರ ಮಾಡಿ ಟ್ರಿಗರ್ ಒತ್ತಿದೆ.

ಟಕ್.

ಅಷ್ಟೇ.

"ಯಾಕತ್ತಿಗೆ, ಟಾರ್ಚ್ ಹತ್ತವಲ್ದಾ? ಸೆಲ್ ಹೋಗಿರ್ಬೇಕು ತಗಳ್ರಿ. ಗೇಟಿಗೆ ಬೀಗ ಹಾಕ್ಕೊಂಡು ಕುಂತ್ರೆ ನಾ ಎಲ್ಲಿಂದ ಬರ್ಲಿ, ಎಷ್ಟು ಕೂಗ್ದೆ!"

ದುರುಗೇಶ್. ಬೈಕಿನ ಚಳಿಗೆ ಸುತ್ತಿದ ಟವಲು. ಹೆಗಲ ಮೇಲೆ ಕಬ್ಬು, ನೆಲ್ಲಿಕೊಂಬೆ. ಹಬ್ಬಕ್ಕೆಂದು ಹಿರಿಯೂರಿನಿಂದ ಹೊತ್ತು ತಂದಿದ್ದ.

ಅದನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಹೊಸ್ತಿಲ ಮೇಲೆ ಕೂತುಬಿಟ್ಟೆ. ಉಪವಾಸದ ಸುಸ್ತು ಅಂದುಕೊಂಡ. ತಾನೇ ನೀರು ತಂದು ಕುಡಿಸಿದ. ಮಾರನೇ ದಿನ ಅವನೇ ತುಳಸಿಕಟ್ಟೆಗೆ ಕಬ್ಬು ಕಟ್ಟಿದ. ಹೋಳಿಗೆಗೆ ತುಪ್ಪ ಬಡಿಸುತ್ತಲೇ ಇದ್ದೆ. "ಸಾಕತ್ತಿಗೆ, ಕೊಲ್ತೀರೇನು ನನ್ನ?" ಅಂದ. ಒಳಗೆ ಹೋಗಿ ಕಣ್ಣೀರು ಹಾಕಿದೆ.

ಅವನ ಹೆಂಡತಿ, ಎರಡು ಮಕ್ಕಳು… ಕಾಪಾಡಿದೆ ತಾಯಿ. ಎಷ್ಟು ಸಲ ಅಡ್ಡಬಿದ್ದರೂ ಸಾಲದು.

ಹೊಸ ಡಬ್ಬಿ ಹಾಗೇ ಇದೆ. ಪೂಜೆ ಮಾಡಲಿಲ್ಲ.

ನವೆಂಬರ್ 18, ಸೋಮವಾರ. ಸಂಜೆ

ಒಬ್ಬಳೇ ದುರ್ಗಕ್ಕೆ ಹೋಗಿದ್ದೆ. ಎಲ್ಲವನ್ನೂ ಉಸ್ಮಾನ್ ಸಾಬರ ಮುಂದಿಟ್ಟು, ಎಲ್ಲವನ್ನೂ ಹೇಳಿದೆ. ಅವರು ಆ ಸಿಡಿಯದ ಗುಂಡನ್ನು ದೀಪಕ್ಕೆ ಹಿಡಿದು, ಸೂಜಿ ಮೊನೆಯಲ್ಲಿ ಬೆನ್ನು ಕೆರೆದರು. ಹಿತ್ತಾಳೆಯ ಕ್ಯಾಪಿನ ಸುತ್ತ ಕುಂಕುಮ, ಎಣ್ಣೆ ಸೇರಿ ಮೇಣದ ಹಾಗೆ ಕೂತಿತ್ತು. ನಡುವೆ ಪಿನ್ನು ಹೊಡೆದ ಕುಳಿ.

"ಕುಂಕುಮ ಯಾರು ಹಚ್ಚಿದ್ದು?"

"ನಾನೇ. ಪ್ರತಿ ದಸರಾಕ್ಕೆ. ಎಣ್ಣೆನೂ ನಾನೇ."

"ಎಣ್ಣೆ ಇಳಿದು ಒಳಗಿನ ಮದ್ದು ಸತ್ತೈತೆ. ಬಂದೂಕಿನೋರು ಯಾರಾದ್ರೂ ಇದನ್ನ ನೋಡಿದ್ರೆ ನಿಮಗೆ ಬೈತಿದ್ರು." ಗುಂಡನ್ನು ಮೇಜಿನ ಮೇಲಿಟ್ಟರು. "ನಾ ಬೈಯಲ್ಲ."

"ಉಳಿದ ಐದು?"

"ಅವಕ್ಕೆ ಬೊಟ್ಟು ಸಣ್ಣದು. ಸಿಡೀತಿದ್ವೇನೋ." ಆಮೇಲೆ ಮೆಲ್ಲಗೆ: "ಯಾರು ಅಂತ ಕೂಗಿದ್ರಾ ಅಮ್ಮಾರೆ?"

"ಇಲ್ಲ ಸಾಬ್ರೆ."

ಗುಂಡಿನ ಮಾತೆಲ್ಲ ನೆನಪಿತ್ತು. ಮೋಟು ನಳಿಗೆ, ಮೆತ್ತಗಿನ ಮದ್ದು, ಎಲ್ಲ ಬಾಯಿಪಾಠ. ಆ ಒಂದು ಮಾತು ಮಾತ್ರ ಹೋಗಿತ್ತು.

ರಿವಾಲ್ವರ್, ಹೊಸ ಡಬ್ಬಿ, ಹಳೆಯ ಆರು — ಎಲ್ಲ ಅವರ ಕಪಾಟಿನಲ್ಲೇ ಬಿಟ್ಟು ರಸೀದಿ ಪಡೆದೆ. ಬಸ್ಸಿನಲ್ಲಿ ಹಿರಿಯೂರು ಬರುವವರೆಗೂ ಮಡಿಲು ಹಗುರ ಅನಿಸಿತು.

ನವೆಂಬರ್ 21, ಗುರುವಾರ

ದುರುಗೇಶ್ ಬಂದು ಹಿತ್ತಿಲಿಗೆ ಬ್ಯಾಟರಿ ಲೈಟು ಹಾಕಿದ. ಕರೆಂಟು ಹೋದರೂ ಉರಿಯುತ್ತದೆ. ಬೇಲಿಯನ್ನೂ ಬಿಗಿ ಮಾಡಿದ. ಗೇಟಿಗೆ ಗಂಟೆ ಕಟ್ಟಿದ. ಉಷಾ ತನ್ನ ನಾಯಿಯ ಮರಿ ಕೊಡುತ್ತಾಳಂತೆ. ಎಷ್ಟು ಜನ ಇದ್ದಾರೆ ನಮಗೆ, ನೋಡಿಯೇ ಇರಲಿಲ್ಲ.

ಏಣಿ ಮೇಲೆ ನಿಂತವನಿಗೆ ಹೇಳಲು ಹೋದೆ. "ದುರುಗೇಶ, ಅವತ್ತು ಟಾರ್ಚು…" ಅಂದೆ. "ಹೊಸ ಸೆಲ್ ತಂದೀನಿ, ಬ್ಯಾಗಿನಾಗೈತೆ ತಗಳ್ರಿ" ಅಂದ. ಏಣಿಯನ್ನು ಭದ್ರವಾಗಿ ಹಿಡಿದುಕೊಂಡೆ.

ನವೆಂಬರ್ 23, ಶನಿವಾರ

ಕಚೇರಿಗೆ ಉತ್ತರ ಬರೆದೆ. ಹೇಮಾ ಓದಿ ಕೂತಲ್ಲೇ ಅತ್ತಳು. ಆಮೇಲೆ, "ಬೇಡ ಅಂತಷ್ಟೇ ಬರಿ ಅವ್ವ, ಕಾರಣ ಯಾಕೆ?" ಅವರು ಕೇಳಿರುವುದೇ ಕಾರಣ. ಬರೆದದ್ದು ಇಷ್ಟು — "ರಿವಾಲ್ವರ್ ಇನ್ನು ಬೇಡ. ಗುಂಡು ಆರಿಸಲು ಕಲಿತೆ. ಯಾರೆಂದು ಕೇಳಲು ಕಲಿಯಲಿಲ್ಲ. ಏಕಾದಶಿ ಸಂಜೆ ನನ್ನ ಮೈದುನ ದುರುಗೇಶನ ಎದೆಗೆ ಹಿಡಿದು ಒತ್ತಿದ್ದೇನೆ. ದೇವರ ದಯೆ, ಸಿಡಿಯಲಿಲ್ಲ. ಇಂತಿ ಏಕಾಂತಮ್ಮ."

ನವೆಂಬರ್ 25, ಸೋಮವಾರ. ಬೆಳಗ್ಗೆ 8

ಕಡೆಯ ಕಾರ್ತಿಕ ಸೋಮವಾರ. ಉಪವಾಸ. ಹೇಮಾಳಿಗೆ ರಜೆ. ದುರುಗೇಶ್ ಮೋಟಾರು ಕಟ್ಟಿಸಲು ದುರ್ಗಕ್ಕೆ ಹೋಗುತ್ತಾನಂತೆ. ಕಾಗದ ಅವನ ಕೈಯಲ್ಲೇ ಕಳಿಸುವುದು.

ಲಕೋಟೆ ಅಂಟಿಸಿಲ್ಲ. ಕೊಟ್ಟ ಕಾಗದವನ್ನು ಓದದೆ ತಲುಪಿಸಿದವನಲ್ಲ ಅವನು. ಮದುವೆಯಾಗಿ ಬಂದ ವರ್ಷದಿಂದ ನೋಡಿದ್ದೇನೆ, ನನ್ನ ತವರಿನ ಕಾಗದವನ್ನೂ ಬಿಡುತ್ತಿರಲಿಲ್ಲ. ಓದಲಿ. ಓದಿ ಬೈಯಲಿ, ಮಾತು ಬಿಡಲಿ. ಬೈಯಲು ಅವನಿದ್ದಾನೆ. ಅದಕ್ಕಿಂತ ಏನು ಕೇಳಲಿ ತಾಯಿ.

ಬೈಕಿನ ಸದ್ದು. ಗಂಟೆ ಹೊಡೆಯುತ್ತಿದ್ದಾನೆ. "ಅತ್ತಿಗೇ, ಬಾಗ್ಲು ತೆಗೀರಿ, ಕಳ್ಳ ಅಲ್ಲ, ನಾನು!"

ಯಾರು ಅಂತ ಕೂಗಿದೆ. ಗೊತ್ತಿದ್ದರೂ ಕೂಗಿದೆ.

"ನಾನು ಅತ್ತಿಗೆ, ದುರುಗೇಶ!"

"ಹೇಮಾ… ಏ ಹೇಮಾ, ಚೌಡಮ್ಮನ ಪಟದ ಹಿಂದೆ ನನ್ನ ಉತ್ತರ ಐತೆ, ತಗೊಂಬಾರೆ, ನಿಮ್ಮ ಚಿಕ್ಕಪ್ಪನ ಕೈಗೆ —"