ಅಧ್ಯಕ್ಷರ ಬಾಗಲಕ್ಕ ಒಯ್ದ ಲಿಂಬಿಹಣ್ಣು

ವಾಷಿಂಗ್ಟನ್, ೮ ಜನವರಿ ೧೯೪೮

ಜಮಖಂಡಿಯೊಳಗಿನ ಕಾಕಾರಿಗೆ ಭರಮುನ ನಮಸ್ಕಾರ.

ಇಲ್ಲಿರೂ ಪರವಾನಗಿ ಇದೇ ತಿಂಗಳ ಮುಗೀತೈತಿ, ಓದು ಮುಗದಿಲ್ಲ, ನನಗ ಕುಂತಲ್ಲಿ ಕೂಡ್ರಾಕ ಆಗವಲ್ದು. ಅದಕ್ಕ ನಿನ್ನೆ ನಮ್ಮ ದರಬಾರಕ್ಕ ಹೋದಂಗ ರುಮಾಲು ಸುತ್ತಿ, ಅರ್ಜಿ ಮ್ಯಾಲೊಂದು ಲಿಂಬಿಹಣ್ಣು ಇಟಗೊಂಡು, ಸೀದಾ ಅಮೆರಿಕಾದ ಅಧ್ಯಕ್ಷರ ಬಂಗ್ಲೆಕ್ಕ ಹೋದೆ. ಬಾಗಲದಾಗಿನ ಪೊಲೀಸ ಹಣ್ಣು ನೋಡಿದ, ನನ್ನ ನೋಡಿದ, “ಯಾವ ಖಾತೆ?” ಅಂದ.

ಅಧ್ಯಕ್ಷರು ಇಲ್ಲಿ ಎಲ್ಲಾರ ಅರ್ಜಿ ತಾವ ಕೇಳೂದಿಲ್ಲರಿ. ಒಕ್ಕಲತನಕ್ಕೊಬ್ಬ, ಖಜಾನಿಗೊಬ್ಬ, ನ್ಯಾಯಕ್ಕೊಬ್ಬ ಮಂತ್ರಿ ಅದಾನ. ಅವರನ್ನ ಕೂಡಿಸಿ ಸಲಹಾ ಕೇಳತಾರ, ಕೆಲಸ ಆಯಾ ಖಾತೆಯವರು ಮಾಡತಾರ. ನನ್ನ ಅರ್ಜಿ ನ್ಯಾಯ ಖಾತೆದಂತ. ಅಲ್ಲಿ ಕಾರಕೂನ ಬಾಯಿ ಅರ್ಜಿ ಇಸಗೊಂಡು “ಜವಾಬು ಟಪಾಲಿಗೆ ಬರತೈತಿ” ಅಂದಳು. ಲಿಂಬಿಹಣ್ಣು ಕಣ್ಣೆತ್ತಿ ಸುದ್ಧಾ ನೋಡಲಿಲ್ಲ. ಅದು ಇನ್ನೂ ಕಿಸೆದಾಗ ಐತಿ; ಹಣ್ಣು ಇಸಗೊಳ್ಳದ ಮ್ಯಾಲ ಕೆಲಸ ಆತೋ ಇಲ್ಲೋ ತಿಳೀವಲ್ದು.

ಥಂಡಿಗೆ ತುಟಿ ಒಡದಾವ, ಮತ್ತೇನಿಲ್ಲ. ನಮ್ಮ ಜೈನರ ನೇಮ ಬಿಡದ ಹೊತ್ತು ಮುಳುಗೂದರೊಳಗ ಉಣತೇನಂತ ಆಯಿಗೆ ಹೇಳ್ರಿ.

ನಮ್ಮ ಸಂಸ್ಥಾನ ವಿಲೀನ ಆಗೂ ಮಾತು ನಡದೈತಂತ ಬರದೀರಿ. ಹೊಲದ ದಾರಿ ಅರ್ಜಿ ಬರದು ಮೂರು ವರ್ಷ ಆತು, ‘ದಸರಾ ದರಬಾರ ಬರಲಿ’ ಅಂತ ಕುಂತೀರಿ. ಕುಂದರಬ್ಯಾಡ್ರಿ ಕಾಕಾ. ಈ ಕಾರ್ಡು ಮುಟ್ಟಿದ ದಿನಾನ ಆ ಅರ್ಜಿ ರಾಜಾಸಾಹೇಬರ ಕೈಯಾಗ ಕೊಡ್ರಿ. ತಡಾ ಆದ್ರ, “ಯಾವ ಖಾತೆ?” ಅನ್ನೂ ಪೊಲೀಸ ಅಲ್ಲೂ ಬಂದು ನಿಂತಿರತಾನ.

ನಿಮ್ಮ ಭರಮು